ಏರಿ ಮೇಲಿನ ವೀರಗಲ್ಲು: ಎತ್ತಿಡೋದಾ, ಇದ್ದಲ್ಲೇ ಉಳಿಸೋದಾ?

ಪ್ರಶ್ನೆ: ನಮ್ಮೂರು ತುಮಕೂರು ಜಿಲ್ಲೆಯಲ್ಲಿದೆ. ಕೆರೆ ಏರಿಯ ತುದಿಯಲ್ಲಿ, ರಸ್ತೆ ಪಕ್ಕಕ್ಕೇ, ಎದೆಮಟ್ಟದ ಒಂದು ಕಲ್ಲಿದೆ. ಕೆಳಗೆ ಬಿಲ್ಲು ಹಿಡಿದವರು ಮತ್ತು ದನಗಳು, ನಡುವೆ ಒಬ್ಬ ಗಂಡಸನ್ನು ಹೆಂಗಸರು ಎತ್ತಿಕೊಂಡು ಹೋಗುವ ಚಿತ್ರ, ಮೇಲೆ ಲಿಂಗ. ಮಧ್ಯೆ ಮಧ್ಯೆ ಹಳೆಯ ಅಕ್ಷರಗಳಿವೆ, ಓದಲು ಬರುವುದಿಲ್ಲ. ಊರವರು ‘ಈರಗಲ್ಲಪ್ಪ’ ಅಂತ ವರ್ಷಕ್ಕೊಮ್ಮೆ ಪೂಜೆ ಮಾಡ್ತಾರೆ. ಈಗ ರಸ್ತೆ ಅಗಲ ಮಾಡ್ತಾರಂತೆ. ಗುತ್ತಿಗೆದಾರರು ‘ಜೆಸಿಬಿಯಲ್ಲಿ ಎತ್ತಿ ಆಚೆ ಇಡ್ತೀವಿ, ಏನೂ ಆಗಲ್ಲ’ ಅಂತಾರೆ. ಕೆಲವು ಹಿರಿಯರು ಗುಡಿ ಕಟ್ಟಿ, ಬಣ್ಣ ಹೊಡೆಸಿ, ಚೆನ್ನಾಗಿ ಕಾಣೋ ಹಾಗೆ ಮಾಡೋಣ ಅಂತಾರೆ. ಇದು ನಿಜಕ್ಕೂ ಯಾವ ಕಲ್ಲು? ಉಳಿಸಿಕೊಳ್ಳಲು ನಾವೇನು ಮಾಡಬೇಕು?

ಉತ್ತರ: ಮೊದಲು ಆ ಜೆಸಿಬಿ ನಿಲ್ಲಿಸಿ. ಇತಿಹಾಸ ಆಮೇಲೆ ಮಾತಾಡೋಣ.

‘ಏನೂ ಆಗಲ್ಲ’ ಅನ್ನೋ ಮಾತನ್ನು ನಾನು ತುಂಬಾ ಸಲ ಕೇಳಿದ್ದೇನೆ. ಒಂದು ಊರಿನಲ್ಲಿ ಹೀಗೇ ಎತ್ತಲು ಹೋಗಿ ಕಲ್ಲು ಸೊಂಟದಲ್ಲಿ ಮುರಿಯಿತು. ಮುರಿದ ಜಾಗದಲ್ಲೇ ಎರಡು ಸಾಲು ಅಕ್ಷರ ಇತ್ತು. ಎರಡು ತುಂಡನ್ನೂ ಸಿಮೆಂಟ್ ಮೆತ್ತಿ ನಿಲ್ಲಿಸಿದರು. ಈಗ ಅಲ್ಲಿ ಸತ್ತವನ ಹೆಸರೇ ಇಲ್ಲ, ಬರೀ ಸಿಮೆಂಟ್ ಇದೆ. ಯಾರೂ ಬೇಕೂಂತ ಮಾಡಿದ್ದಲ್ಲ. ವೀರಗಲ್ಲು ಮೇಲೆ ಕಂಡಷ್ಟೇ ಇರುವುದಿಲ್ಲ, ಅದರ ಒಂದಷ್ಟು ಭಾಗ ನೆಲದೊಳಗಿರುತ್ತದೆ. ಜೆಸಿಬಿ ಬಕೆಟ್ ಮೇಲಿನ ಭಾಗವನ್ನು ಎಳೆಯುತ್ತದೆ, ಬುಡವನ್ನು ನೆಲ ಹಿಡಿದುಕೊಂಡಿರುತ್ತದೆ. ಚಪ್ಪಡಿ ಕಲ್ಲು ಈ ಜಗ್ಗಾಟವನ್ನು ತಡೆಯುವುದಿಲ್ಲ.

ನಾಳೆಯೇ ಒಂದು ಅರ್ಜಿ ಬರೆಯಿರಿ. ರಸ್ತೆ ಯಾರದು ಅಂತ ಮೊದಲು ನೋಡಿ. ಲೋಕೋಪಯೋಗಿ ಇಲಾಖೆಯದ್ದಾದರೆ ಅಲ್ಲಿನ ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್), ಪಂಚಾಯತ್ ರಾಜ್ ರಸ್ತೆಯಾದರೆ ಆ ಎಂಜಿನಿಯರ್‌ಗೆ. ಒಂದೊಂದು ಪ್ರತಿ ತಹಶೀಲ್ದಾರರಿಗೆ, ಪಿಡಿಒಗೆ ಮತ್ತು ರಾಜ್ಯ ಪುರಾತತ್ವ ಇಲಾಖೆಗೆ. ಆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಅರ್ಜಿ ಉದ್ದ ಬೇಡ. ಕಲ್ಲು ಎಲ್ಲಿದೆ, ಅದರ ಮೇಲೆ ಶಾಸನ ಇದೆ, ಪರಿಶೀಲನೆ ಆಗುವ ತನಕ ಮುಟ್ಟಬೇಡಿ, ಇಷ್ಟು ಸಾಕು. ಜೊತೆಗೆ ನಾಲ್ಕು ಕಡೆಯಿಂದ ತೆಗೆದ ಫೋಟೋ, ಫೋನಿನಲ್ಲಿ ಸಿಗುವ ಜಿಪಿಎಸ್ ಅಂಕಿ, ಸರ್ವೆ ನಂಬರ್. ಮುಖ್ಯವಾಗಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಆಯ್ತು ನೋಡೋಣ’ ಅಂದದ್ದು ಕಾಮಗಾರಿ ಶುರುವಾದ ಬೆಳಿಗ್ಗೆ ಯಾರಿಗೂ ನೆನಪಿರುವುದಿಲ್ಲ.

ಈಗ ಕಲ್ಲಿನ ವಿಷಯಕ್ಕೆ ಬರೋಣ. ನೀವು ವಿವರಿಸಿದ್ದು ಮೂರು ಪಟ್ಟಿಯ ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಕೈಲಾಸ ಸೇರಿ ಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ ಇರಬೇಕು, ಸವೆದಿದ್ದರೂ ಕೈಯಾಡಿಸಿದರೆ ಗೊತ್ತಾಗುತ್ತದೆ. ಸೂರ್ಯ ಚಂದ್ರರು ಇರುವ ತನಕ ಇದು ಇರಲಿ ಅಂತ ಅದರ ಅರ್ಥ. ಸತ್ತವನು ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ ಕೂತಿರುತ್ತಿದ್ದ. ಪಕ್ಕದಲ್ಲಿ ಬಳೆ ತೊಟ್ಟ ಒಂದು ಕೈ ಮೇಲೆತ್ತಿದ ಹಾಗೆ ಕೆತ್ತಿದ್ದರೆ ಅದು ಮಾಸ್ತಿಕಲ್ಲು. ಅವನ ಹೆಂಡತಿ ಸಹಗಮನ ಮಾಡಿದಳು ಅಂತ ಹೇಳುವ ಗುರುತು ಅದು. ಇನ್ನೊಂದು ಸಲ ಹೋದಾಗ ಸುತ್ತಮುತ್ತ ಬಿದ್ದಿರುವ ಕಲ್ಲುಗಳನ್ನೂ ನೋಡಿ. ಒಂಟಿ ವೀರಗಲ್ಲು ಕಮ್ಮಿ. ಒಂದು ಸಿಕ್ಕ ಕಡೆ ಇನ್ನೆರಡು ಪೊದೆಯೊಳಗೆ ಇರುತ್ತವೆ, ಇಲ್ಲವೇ ಕೆರೆ ಸೋಪಾನದ ಮೆಟ್ಟಿಲಾಗಿರುತ್ತವೆ.

ದನಗಳಿವೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಶಾಸನಗಳ ಭಾಷೆಯಲ್ಲಿ ಇದು ತುರುಗೋಳ್. ಅಂದರೆ ಬೇರೆ ಊರಿನವರು ಬಂದು ದನಗಳನ್ನು ಹೊಡೆದುಕೊಂಡು ಹೋಗುವುದು. ಅವನ್ನು ಮರಳಿಸಲು ಬೆನ್ನತ್ತಿ ಹೋದವನು ಸತ್ತ. ಊರೇ ಹಾಳಾಗುವಾಗ ನಿಂತು ಕಾದವನಿಗೆ ಊರಳಿವಿನ ಕಲ್ಲು. ಹೆಂಗಸರ ಕೂಗು ಕೇಳಿ ಓಡಿಹೋಗಿ ಸತ್ತವನಿಗೆ ಪೆಣ್ಬುಯ್ಯಲಿನ ಕಲ್ಲು. ಹುಲಿಯ ಜೊತೆ ಕಾದಾಡಿ ಸತ್ತವನಿಗೂ ಕಲ್ಲುಂಟು. ವೀರಗಲ್ಲು ಅಂದ ಕೂಡಲೇ ರಾಜರ ಯುದ್ಧ ಅಂದುಕೊಳ್ಳುತ್ತೇವೆ. ಶಾಸನದ ಮೊದಲ ಸಾಲಿನಲ್ಲಿ ರಾಜನ ಹೆಸರು, ಬಿರುದು ಎಲ್ಲ ಇರುವುದರಿಂದ ಆ ತಪ್ಪು ಸುಲಭ. ಅದು ಹೆಚ್ಚಾಗಿ ಕಾಲ ಹೇಳಲು ಬರೆದದ್ದು, ನಾವು ಈಗ ತಾರೀಖು ಹಾಕೋ ಹಾಗೆ. ಜಗಳ ಮಾತ್ರ ಪಕ್ಕದ ಊರಿನ ಜೊತೆ, ನಲವತ್ತು ಹಸುಗಳಿಗಾಗಿ ಆಗಿರಬಹುದು. ನಿಮ್ಮೂರಿನವನು ನಿಮ್ಮೂರಿನ ದನಕ್ಕಾಗಿ ಸತ್ತ ಅಂತಾದರೆ, ಅದಕ್ಕಿಂತ ಹತ್ತಿರದ ಯುದ್ಧಸ್ಮಾರಕ ಯಾವುದಿದೆ ಹೇಳಿ?

ಕಾಲ ಎಷ್ಟು ಅಂತ ಕೇಳುತ್ತೀರಿ ಅಂತ ಗೊತ್ತು. ಫೋಟೋ ನೋಡದೆ ಹೇಳುವುದು ತಪ್ಪು. ಚಿತ್ರದುರ್ಗದ ಹತ್ತಿರದ ತಮಟಕಲ್ಲಿನಲ್ಲಿ ಸುಮಾರು ಕ್ರಿ.ಶ. 500ರ ಹೊತ್ತಿನ ವೀರಗಲ್ಲಿನ ಶಾಸನವಿದೆ, ಅಂದರೆ ಈ ಪದ್ಧತಿ ಹೆಚ್ಚುಕಡಿಮೆ ಕನ್ನಡ ಬರವಣಿಗೆಯಷ್ಟೇ ಹಳೆಯದು. ಆದರೆ ನೀವು ಹೇಳಿದಂಥ ಮೂರು ಪಟ್ಟಿಯ ಅಚ್ಚುಕಟ್ಟಾದ ಕಲ್ಲುಗಳು 10ನೇ ಶತಮಾನದಿಂದ ಈಚೆಗೆ ಜಾಸ್ತಿ. ಅಕ್ಷರದ ರೂಪ ನೋಡಿದರೆ ನೂರು ವರ್ಷ ಆಚೀಚೆಗೆ ಹೇಳಬಹುದು. ಶಕವರ್ಷ ಬರೆದಿದ್ದರೆ ಜಗಳವೇ ಇಲ್ಲ.

ನಿಮ್ಮ ಕಲ್ಲನ್ನು ಯಾರಾದರೂ ಮೊದಲೇ ಓದಿದ್ದಾರಾ ಅಂತ ನೋಡುವ ದಾರಿಯೂ ಇದೆ. ಬ್ರಿಟಿಷರ ಕಾಲದ ಶಾಸನತಜ್ಞ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರು ಅಲೆದು, ಅಲೆಸಿ, ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹೆಚ್ಚುಕಡಿಮೆ ಜಿಲ್ಲೆಗೊಂದರ ಲೆಕ್ಕ. ತುಮಕೂರು ಜಿಲ್ಲೆಯದ್ದು ಹನ್ನೆರಡನೆಯದು, 1904ರದ್ದು. ಒಳಗೆ ತಾಲ್ಲೂಕುವಾರು, ಪ್ರತಿ ಶಾಸನಕ್ಕೂ ಒಂದು ನಂಬರ್. ಅಂತರ್ಜಾಲದಲ್ಲಿ ಸಿಗುತ್ತದೆ. ಹುಡುಕುವಾಗ ಊರಿನ ಈಗಿನ ಕಾಗುಣಿತ ನಂಬಬೇಡಿ, ತಾಲ್ಲೂಕು ಬದಲಾಗಿರುವುದೂ ಉಂಟು. ಅಕ್ಕಪಕ್ಕದ ಹಳ್ಳಿಗಳ ಹೆಸರಿನಲ್ಲೂ ನೋಡಿ, ‘ಕೆರೆ ಏರಿಯ ಮೇಲಿರುವ ಕಲ್ಲು’ ಅಂತ ಜಾಗ ಬರೆದಿರುತ್ತಾರೆ. ಸಿಕ್ಕರೆ ನಿಮ್ಮ ಅರ್ಜಿಗೆ ಬಲ ಬಂದ ಹಾಗೆ. ‘ಒಂದು ಹಳೇ ಕಲ್ಲು’ ಅನ್ನೋದಕ್ಕೂ ‘ಅಚ್ಚಾದ ಶಾಸನ, ಇಂಥ ನಂಬರ್’ ಅನ್ನೋದಕ್ಕೂ ಕಚೇರಿಯಲ್ಲಿ ತುಂಬಾ ವ್ಯತ್ಯಾಸ. ಸಿಗದಿದ್ದರೆ ಇನ್ನೂ ಒಳ್ಳೆಯದು. ಹೊಸ ಶಾಸನ!

ರಕ್ಷಣೆ ಅನ್ನೋದು ಸರ್ಕಾರ ಬಂದ ಮೇಲೆ ಶುರುವಾದ ವಿಷಯ ಅಂತ ನಾವು ತಿಳಿದಿದ್ದೇವೆ. ಕಲ್ಲು ಹಾಕಿಸಿದವರೇ ಅದಕ್ಕೆ ವ್ಯವಸ್ಥೆ ಮಾಡಿದ್ದರು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಗೊತ್ತಲ್ವಾ? 949-50ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಸುದ್ದಿ ಅದರಲ್ಲಿದೆ. ಗಂಗರ ಬೂತುಗನ ಕಡೆ ಕಾದಾಡಿದ ಮಣಲೇರ ಅನ್ನುವವನಿಗೆ ರಾಷ್ಟ್ರಕೂಟ ಕೃಷ್ಣ ಮೆಚ್ಚಿ ‘ಏನು ಬೇಕು ಕೇಳು’ ಅಂದ. ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಊರು ಕೇಳಬಹುದಿತ್ತು, ಹೊಲ ಕೇಳಬಹುದಿತ್ತು, ನಾಯಿ ಕೇಳಿದ. ಆಮೇಲೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ‘ಪಂದಿಯುಂ ನಾಯುಮೊಡಸತ್ತುವು’. ಎರಡೂ ಒಟ್ಟಿಗೇ ಸತ್ತವು. ಅದಕ್ಕಾಗಿ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಭೂಮಿಯನ್ನು ಹಾಳು ಮಾಡಿದವನಿಗೆ ನಾಯಿಯ ಪಾಪ. ಅಷ್ಟೇ ಅಲ್ಲ, ಆ ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೂ ಅದೇ ಪಾಪ ಅಂತ ಕಲ್ಲಿನಲ್ಲೇ ಕೆತ್ತಿಸಿದರು.

ನೋಡಿ, ಇದು ಪೂರ್ತಿ ಯೋಜನೆ. ಜಾಗ ಇದೆ, ಖರ್ಚಿಗೆ ಭೂಮಿ ಇದೆ, ದಿನಾ ನೋಡಿಕೊಳ್ಳಲು ಒಬ್ಬ ಮನುಷ್ಯ ಇದ್ದಾನೆ, ಮರೆತರೆ ಶಿಕ್ಷೆಯೂ ಇದೆ. ಹೀಗೆ ವೀರನ ಹೆಸರಿನಲ್ಲಿ ಬಿಟ್ಟ ಭೂಮಿಗೆ ಕಲ್ನಾಡು ಅಂತಲೂ, ಮನೆಯವರಿಗೆ ಕೊಟ್ಟದ್ದಕ್ಕೆ ನೆತ್ತರುಗೊಡಗೆ ಅಂತಲೂ ಹೆಸರು. ನಿಮ್ಮ ಕಲ್ಲಿನ ಕೊನೇ ಸಾಲುಗಳಲ್ಲೂ ಇಂಥದೇ ಏನಾದರೂ ಇರಬಹುದು. ನಿಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಪೂಜೆ ನಡೆಯುತ್ತಿದೆ ಅಂದಿರಿ. ಆ ಪೂಜೆಯೇ ಇಷ್ಟು ದಿನ ಕಲ್ಲನ್ನು ಉಳಿಸಿದೆ. ಪೂಜೆ ನಿಂತ ಊರುಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿದೆ, ಮೋರಿಗೆ ಹಾಸಾಗಿದೆ, ಎಮ್ಮೆ ಕಟ್ಟುವ ಗೂಟವಾಗಿದೆ. ನಿಧಿ ಇದೆ ಅಂತ ಬುಡ ಅಗೆದು ಬೀಳಿಸಿದವರಿಗೂ ಕಡಿಮೆಯಿಲ್ಲ. ವೀರಗಲ್ಲಿನ ಕೆಳಗೆ ನಿಧಿ ಇಡುವ ಪದ್ಧತಿಯೇ ಇರಲಿಲ್ಲ. ಇದನ್ನು ಊರಲ್ಲಿ ನಾಲ್ಕು ಜನಕ್ಕೆ ಜೋರಾಗಿ ಹೇಳಿ.

ಹಾಗಾದರೆ ಕಾನೂನು ಏನು ಮಾಡುತ್ತದೆ? ನಿಜ ಹೇಳಬೇಕಂದರೆ, ನಿಮ್ಮ ಕಲ್ಲಿನ ಮಟ್ಟಿಗೆ ಸ್ವಲ್ಪ ಮಾತ್ರ. ಕೇಂದ್ರ ಸರ್ಕಾರದ 1958ರ ಕಾಯ್ದೆ ಇದೆ. ಅದರಡಿ ರಕ್ಷಿತವಾದ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ರಾಜ್ಯದ್ದು 1961ರ ಕಾಯ್ದೆ. ಅದರಡಿ ಸೇರಿಸಬೇಕಾದರೆ ಸರ್ಕಾರ ಮೊದಲು ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗೆ ಎರಡು ತಿಂಗಳು ಕೊಟ್ಟು, ಆಮೇಲೆ ಘೋಷಿಸಬೇಕು. ಕಷ್ಟ ಏನೆಂದರೆ ಈ ಎರಡು ಪಟ್ಟಿಗಳೂ ಗುಡಿ, ಕೋಟೆಗಳಿಂದ ತುಂಬಿವೆ. ರಾಜ್ಯದ ತುಂಬಾ ಚೆಲ್ಲಿರುವ ವೀರಗಲ್ಲುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. ನಿಮ್ಮದೂ ಇರಲಿಕ್ಕಿಲ್ಲ. ‘ಪುರಾತತ್ವ ಇಲಾಖೆಯವರು ಬಂದು ಬೇಲಿ ಹಾಕ್ತಾರೆ’ ಅಂತ ಕಾದು ಕೂತರೆ ರಸ್ತೆ ಆಗಿಹೋಗಿರುತ್ತದೆ.

ಆದರೂ ಎರಡು ಕಾನೂನು ನಿಮ್ಮ ಕೈಯಲ್ಲಿವೆ. ನೂರು ವರ್ಷ ದಾಟಿದ ಶಿಲ್ಪ, ಶಾಸನ ಯಾವುದಾದರೂ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಯಾರಾದರೂ ‘ಒಳ್ಳೇ ರೇಟು ಕೊಡ್ತೀನಿ’ ಅಂತ ಬಂದರೆ ಇದನ್ನು ನೆನಪಿಸಿ. ಇನ್ನೊಂದು, ರಸ್ತೆಗೆ ಅಗೆಯುವಾಗ ಮಣ್ಣಿನೊಳಗಿಂದ ಹೊಸ ಕಲ್ಲು ಸಿಕ್ಕರೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಿಕ್ಕವರು ಮನೆಗೆ ಒಯ್ಯುವ ಹಾಗಿಲ್ಲ.

ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಗ್ರಾಮಸಭೆ. ಮುಂದಿನ ಸಭೆಯಲ್ಲಿ ವಿಷಯ ಎತ್ತಿ, ‘ಈ ಸರ್ವೆ ನಂಬರಿನಲ್ಲಿರುವ ವೀರಗಲ್ಲು ಊರಿನ ಸ್ಮಾರಕ, ಅದನ್ನು ಉಳಿಸಿಕೊಂಡು ಕಾಮಗಾರಿ ಮಾಡಬೇಕು’ ಅಂತ ಠರಾವು ಮಾಡಿಸಿ ನಡವಳಿ ಪುಸ್ತಕಕ್ಕೆ ಏರಿಸಿ. ಎಂಜಿನಿಯರ್‌ಗಳು ಕೆಟ್ಟವರಲ್ಲ. ನಕ್ಷೆಯಲ್ಲಿ ಕಲ್ಲು ಇಲ್ಲದಿದ್ದರೆ ಅವರಿಗೆ ಕಲ್ಲು ಇಲ್ಲ. ನಕ್ಷೆಯಲ್ಲಿ ಒಂದು ಚುಕ್ಕೆ ಇಡಿಸಿದರೆ ಚರಂಡಿ ಎರಡಡಿ ಆಚೆ ಹೋಗುತ್ತದೆ.

ಬೆಂಗಳೂರಿನ ಹೆಬ್ಬಾಳದ ಉದಾಹರಣೆ ನೋಡಿ. 2018ರಲ್ಲಿ ಚರಂಡಿ ಕೆಲಸದ ಹೊತ್ತಿಗೆ ಅಲ್ಲೊಂದು ವೀರಗಲ್ಲು ಬೆಳಕಿಗೆ ಬಂತು. ಓದಿದರೆ ಗಂಗ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಪೆರ್ಬೊಳಲ್ ನಾಡಿನ ಕಿತ್ತಯ್ಯ ಅನ್ನುವವನು ಕಾದಾಡಿ ಸತ್ತದ್ದು ಅದರಲ್ಲಿದೆ. ಊರವರು, ಶಾಸನಾಸಕ್ತರು ಸೇರಿ ಅದನ್ನು ಉಳಿಸಿಕೊಂಡರು, ಮಂಟಪ ಕಟ್ಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಲ್ಲು ಸವೆದರೂ ಅಕ್ಷರ ಉಳಿಯುತ್ತದೆ. ಅಲ್ಲಿ ಎಲ್ಲಕ್ಕಿಂತ ಮೊದಲು ಬದಲಾದದ್ದು ಏನು ಗೊತ್ತಾ? ಕಲ್ಲಿಗೆ ಹೆಸರು ಬಂತು. ‘ಯಾವುದೋ ಕಲ್ಲು’ ಆಗಿದ್ದದ್ದು ‘ನಮ್ಮ ಕಿತ್ತಯ್ಯ’ ಆಯಿತು. ಹೆಸರಿರುವ ಮನುಷ್ಯನನ್ನು ಚರಂಡಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ನಿಮ್ಮ ಕಲ್ಲನ್ನು ಬೇಗ ಓದಿಸಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು.

ಎತ್ತಿಡೋದಾ ಬೇಡವಾ ಅನ್ನೋದಕ್ಕೆ ನನ್ನ ಉತ್ತರ: ಆದಷ್ಟೂ ಬೇಡ. ವೀರ ಸತ್ತ ಜಾಗ, ಇಲ್ಲವೇ ಊರ ಬಾಗಿಲು, ಇಲ್ಲವೇ ಏರಿ, ಹೀಗೆ ಕಲ್ಲು ನಿಂತ ಜಾಗಕ್ಕೂ ಒಂದು ಅರ್ಥ ಇರುತ್ತದೆ. ದನ ಯಾವ ಕಡೆಗೆ ಹೊಡೆದುಕೊಂಡು ಹೋದರು, ಹಳೇ ದಾರಿ ಎಲ್ಲಿತ್ತು ಅನ್ನೋದನ್ನೆಲ್ಲ ಆ ಜಾಗ ಹೇಳಬಲ್ಲದು. ಹಾಗಂತ ನಾನು ಹಟಮಾರಿಯೂ ಅಲ್ಲ. ಬೆಂಗಳೂರಿನ ಬೇಗೂರಿನ ಎರಡು ಕಲ್ಲುಗಳ ಕಥೆ ಕೇಳಿ. ಒಂದು ದೊಡ್ಡ ಕಲ್ಲು, ಆನೆ ಕುದುರೆ ಕಾಲಾಳು ತುಂಬಿದ ಯುದ್ಧದ ಚಿತ್ರ. ನೊಳಂಬರ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಾಡಿ ಗಂಗರ ಕಡೆಯ ನಾಗತ್ತರ ಸತ್ತ ಮೇಲೆ, ಬೆಂಪೂರು ಹನ್ನೆರಡನ್ನು, ಅಂದರೆ ಬೆಂಪೂರಿನ ಹನ್ನೆರಡು ಹಳ್ಳಿಗಳ ಗುಂಪನ್ನು, ಕಲ್ನಾಡಾಗಿ ಕೊಟ್ಟದ್ದು ಅದರಲ್ಲಿದೆ. ಬೆಂಪೂರು ಅಂದರೆ ಈಗಿನ ಬೇಗೂರೇ. ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಹೋಯಿತು, ಆತಕೂರಿನ ನಾಯಿಕಲ್ಲಿನ ಹಾಗೇ. ಮಳೆ ಬಿಸಿಲಿಲ್ಲ, ಸುರಕ್ಷಿತವಾಗಿದೆ. ಇನ್ನೊಂದು ಚಿಕ್ಕದು. 9ನೇ ಶತಮಾನದ ಕೊನೆಯ ಆ ಕಲ್ಲಿನಲ್ಲಿ ‘ಬೆಂಗಳೂರ ಕಾಳಗ’ ಅನ್ನೋ ಮಾತಿದೆ. ಕೆಂಪೇಗೌಡರಿಗಿಂತ ಆರು ಶತಮಾನ ಮೊದಲೇ ಬೆಂಗಳೂರು ಅನ್ನೋ ಹೆಸರಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಅದು ಬೇಗೂರಿನ ಗುಡಿಯ ಆವರಣದಲ್ಲೇ ಇದೆ. ಜನ ಇವತ್ತಿಗೂ ಅದನ್ನು ನೋಡಲು ಬೇಗೂರಿಗೇ ಹೋಗುತ್ತಾರೆ. ಎರಡರಲ್ಲಿ ಯಾವುದು ಸರಿ ಅಂದರೆ ಎರಡೂ ಸರಿ. ಆದರೆ ಆತಕೂರಿನ ಗೊರವನಿಗೆ ಈಗ ಪೂಜಿಸಲು ಕಲ್ಲೇ ಇಲ್ಲ, ಅದೊಂದು ನೋವು ನನಗಿದೆ.

ಎತ್ತಲೇಬೇಕಾದ ಪರಿಸ್ಥಿತಿ ಬಂದರೆ ಊರೊಳಗೇ, ಹತ್ತಿರದಲ್ಲೇ ಜಾಗ ನೋಡಿ. ಪುರಾತತ್ವ ಇಲಾಖೆಯವರು ಇದ್ದಾಗಲೇ ಎತ್ತಿಸಿ. ಮುಂಚೆ ಅಳತೆ, ಮುಖ ಯಾವ ದಿಕ್ಕಿಗಿತ್ತು, ಎಷ್ಟು ಹೂತಿತ್ತು, ಎಲ್ಲ ಬರೆದಿಟ್ಟುಕೊಳ್ಳಿ. ಸುತ್ತ ಕೈಯಿಂದಲೇ ಮಣ್ಣು ಬಿಡಿಸಬೇಕು, ಹಾರೆ ಗುದ್ದಲಿ ಕಲ್ಲಿಗೆ ತಾಗಬಾರದು. ಕಂಬಳಿ, ಗೋಣಿ ಸುತ್ತಿ, ಅಗಲದ ನೈಲಾನ್ ಬೆಲ್ಟ್ ಹಾಕಿ ನೇರಕ್ಕೆ ಎತ್ತಬೇಕು. ಕಬ್ಬಿಣದ ಸರಪಳಿ ಬೇಡವೇ ಬೇಡ. ಹೊಸ ಜಾಗದಲ್ಲಿ ಒಂದು ಫಲಕ ಹಾಕಿ, ಹಳೆ ಜಾಗ ಎಲ್ಲಿತ್ತು ಅಂತ ಬರೆಸಿ.

ಈಗ ಹಿರಿಯರ ಮಾತು. ಅವರ ಪ್ರೀತಿ ದೊಡ್ಡದು, ಆದರೆ ಬಣ್ಣ ಮಾತ್ರ ಬೇಡ ಅಂತ ಕೈಮುಗಿದು ಹೇಳಿ. ಆಯಿಲ್ ಪೇಂಟ್ ಅಕ್ಷರದ ಗೀರುಗಳನ್ನೆಲ್ಲ ತುಂಬಿಬಿಡುತ್ತದೆ. ಕಲ್ಲಿನೊಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಮೇಲ್ಪದರ ಹಪ್ಪಳದ ಹಾಗೆ ಏಳುತ್ತದೆ. ಬುಡಕ್ಕೆ ಸಿಮೆಂಟ್ ಹಾಕಿದರೂ ಇದೇ ಕಷ್ಟ, ಅದರ ಉಪ್ಪು ಕಲ್ಲಿಗೇರಿ ಪುಡಿ ಉದುರಲು ಶುರುವಾಗುತ್ತದೆ. ಮರಳು, ಸುಣ್ಣದ ಗಾರೆ ಸಾಕು. ಗುಡಿ ಕಟ್ಟುವುದಾದರೆ ನಾಲ್ಕು ಕಂಬದ ತೆರೆದ ಮಂಟಪ ಕಟ್ಟಿ, ಗೋಡೆ ಬೇಡ. ಕಲ್ಲಿನ ಹಿಂಭಾಗವೂ ಕಾಣಬೇಕು, ಗಾಳಿಯಾಡಬೇಕು, ಮಳೆನೀರು ಬುಡದಲ್ಲಿ ನಿಲ್ಲಬಾರದು. ಟೈಲ್ಸ್ ಹಾಕಿಸುವ ಆಸೆ ಯಾರಿಗಾದರೂ ಇದ್ದರೆ ಆ ದುಡ್ಡಿನಲ್ಲಿ ಚರಂಡಿ ಮಾಡಿಸಿ.

ಪೂಜೆ ನಿಲ್ಲಿಸಬೇಕಿಲ್ಲ. ನಾನು ಹೇಳಿದೆನಲ್ಲ, ಅದೇ ಕಾವಲು. ಎಣ್ಣೆ ಮಾತ್ರ ಕಲ್ಲಿನ ಮೇಲೆ ಸುರಿಯಬೇಡಿ, ಧೂಳು ಹಿಡಿದು ಕರಿ ಕಟ್ಟುತ್ತದೆ. ಕರ್ಪೂರವನ್ನು ಕಲ್ಲಿಗೆ ತಾಗಿಸಿ ಹಚ್ಚಿದರೆ ಬಿಸಿಗೆ ಚೂರು ಏಳುತ್ತದೆ. ಎರಡು ಅಡಿ ಮುಂದೆ ಒಂದು ಚಿಕ್ಕ ಪೂಜಾಕಲ್ಲು ಇಟ್ಟು ಅರಿಶಿನ ಕುಂಕುಮ, ದೀಪ ಎಲ್ಲ ಅಲ್ಲಿ ಮಾಡಿ. ಕೆಲವು ಊರಲ್ಲಿ ಇದನ್ನು ಒಪ್ಪಿಸಲು ಪೂಜಾರಪ್ಪನವರ ಜೊತೆ ಎರಡು ಸಲ ಕಾಫಿ ಕುಡಿಯಬೇಕಾಗುತ್ತದೆ, ಅಷ್ಟೇ. ಸ್ವಚ್ಛ ಮಾಡಲು ಬರೀ ನೀರು, ಮೆತ್ತನೆ ಬ್ರಷ್. ಆಸಿಡ್, ಸೋಪಿನ ಪುಡಿ, ತಂತಿಬ್ರಷ್ ಯಾವುದೂ ಹತ್ತಿರ ಬರಬಾರದು. ಅಕ್ಷರ ಚೆನ್ನಾಗಿ ಕಾಣಲಿ ಅಂತ ಸೀಮೆಸುಣ್ಣ ಉಜ್ಜುವ ಅಭ್ಯಾಸವೊಂದಿದೆ, ಅದೂ ಬೇಡ. ಅಕ್ಷರದ ಪಡಿಯಚ್ಚನ್ನು ಒದ್ದೆ ಕಾಗದ ಒತ್ತಿ, ಮಸಿ ಹಚ್ಚಿ ತೆಗೆಯುತ್ತಾರೆ. ಅದನ್ನು ಕಲಿತವರೇ ತೆಗೆಯಲಿ.

ನೀವು ಮಾಡಬಹುದಾದ ಓದು ಬೇರೆ ಇದೆ. ಕತ್ತಲಾದ ಮೇಲೆ ಊರಿನ ಇಬ್ಬರು ಮೂವರು ಹುಡುಗರನ್ನು ಕರೆದುಕೊಂಡು ಹೋಗಿ. ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ, ಪಕ್ಕದಿಂದ, ಕಲ್ಲಿಗೆ ಸವರಿದ ಹಾಗೆ ಬಿಡಿ. ಹಗಲಲ್ಲಿ ಇಲ್ಲವೇ ಇಲ್ಲ ಅನ್ನಿಸಿದ ಅಕ್ಷರಗಳು ನೆರಳು ಕಟ್ಟಿಕೊಂಡು ಎದ್ದು ನಿಲ್ಲುತ್ತವೆ. ಪ್ರತಿ ಪಟ್ಟಿಯ ನಡುವಿನ ಸಾಲನ್ನೂ ಎಡಗಡೆಯಿಂದ ಒಂದೊಂದು ಗೇಣಿನಷ್ಟು, ಸ್ವಲ್ಪ ಸ್ವಲ್ಪ ಒಂದರ ಮೇಲೊಂದು ಬರುವ ಹಾಗೆ ಫೋಟೋ ತೆಗೆಯಿರಿ. ಬೆಳಕನ್ನು ಬಲದಿಂದ ಒಮ್ಮೆ, ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬಿಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಶುರುವಿನಲ್ಲಿ ‘ಸ್ವಸ್ತಿ’ ಅಂತ ಇದೆಯಾ ನೋಡಿ, ಆ ಎರಡು ಅಕ್ಷರ ಗುರುತಿಸಲು ಹುಡುಗರಿಗೂ ಬೇಗ ಬರುತ್ತದೆ. ‘ಜಿತೇನ ಲಭ್ಯತೇ ಲಕ್ಷ್ಮೀ’ ಅನ್ನೋ ಶ್ಲೋಕವೂ ಇಂಥ ಕಲ್ಲುಗಳಲ್ಲಿ ಆಗಾಗ ಸಿಗುತ್ತದೆ. ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ ಅಂತ ಅದರ ಭಾವ.

ಕೊನೆಯ ಸಾಲು ಮಣ್ಣಿನೊಳಗೆ ಇಳಿದಿದ್ದರೆ ಅಗೆಯಬೇಡಿ. ಎಲ್ಲಿಗೆ ನಿಂತಿದೆ ಅಂತ ಮಾತ್ರ ಫೋಟೋ ತೆಗೆದು ಎಲ್ಲವನ್ನೂ ಕಳಿಸಿಕೊಡಿ. ಜಾಸ್ತಿ ಸವೆದಿಲ್ಲದಿದ್ದರೆ ಅವನ ಹೆಸರು ಹೇಳಬಲ್ಲೆ.